ಅಣ್ಣನನ್ನು ಅಣ್ಣ ಎನ್ನದ ದಿನ: ಮಕ್ಕಳ ಕತೆ ಬರೆಯುವವರಿಗೆ

ನಾನು ಬರೆದ ಮೊದಲ ಮಕ್ಕಳ ಕತೆಯಲ್ಲಿ ಕಾಲು ಎಳೆದು ನಡೆಯುವ ಒಬ್ಬ ಅಣ್ಣನಿದ್ದ. ಶಾಲೆಯ ಹುಡುಗರು ಅವನನ್ನು ಅಣಕಿಸುತ್ತಿದ್ದರು. ಕೊನೆಯ ಪುಟದಲ್ಲಿ ತಂಗಿ ಬಾವಿಕಟ್ಟೆಯಿಂದ ಜಾರುತ್ತಾಳೆ, ಅಣ್ಣ ಎದ್ದು ಓಡಿಬಿಡುತ್ತಾನೆ. ಓಡಿದ ರಭಸಕ್ಕೆ ಕಾಲೂ ನೆಟ್ಟಗಾಗುತ್ತದೆ, ಅಣಕಿಸಿದವರು ಸಾಲಾಗಿ ನಿಂತು ಕ್ಷಮೆ ಕೇಳುತ್ತಾರೆ. ನಾಲ್ಕನೇ ತರಗತಿಗೆ ಅದನ್ನು ಓದಿ ಹೇಳಿದೆ. ಚಪ್ಪಾಳೆ ಬಿತ್ತು. ಎಲ್ಲರೂ ಹೊರಗೆ ಹೋದ ಮೇಲೆ ಒಬ್ಬ ಹುಡುಗಿ ಮೇಜಿನ ಹತ್ತಿರ ಬಂದು ನಿಂತಳು. "ಟೀಚರ್, ನಮ್ಮಣ್ಣ ಎಷ್ಟು ಜೋರಾಗಿ ಓಡಬೇಕು?" ಎಂದು ಕೇಳಿದಳು.

ಆ ಕತೆಯನ್ನು ಮತ್ತೆ ಯಾರಿಗೂ ಓದಿ ಹೇಳಿಲ್ಲ. ಆಮೇಲೆ ಅದೇ ವಿಷಯವನ್ನು ಹಿಡಿದು ಹಲವು ಸಲ ಬರೆದೆ, ಹರಿದೆ, ಬೇರೆಯವರು ಬರೆದದ್ದನ್ನು ತಿದ್ದಿಕೊಟ್ಟೆ. ಅಂಗವೈಕಲ್ಯವಿರುವ ಮಗು, ಅದರ ಒಡಹುಟ್ಟು, ಶಾಲೆಯ ಕಾಟ ಈ ಮೂರೂ ಸೇರಿದ ಕತೆಯನ್ನು ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಬರೆಯಲು ಹೊರಟವರಿಗೆ ನಾನು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ. ಉದಾಹರಣೆಗೆ ಒಂದೇ ಕತೆಯನ್ನು ಕೊನೆಯವರೆಗೂ ಕಟ್ಟುತ್ತಾ ಹೋಗೋಣ. ಸುಮಾ ಐದನೇ ತರಗತಿ. ಅವಳ ಅಣ್ಣ ಮಂಜು ಏಳನೇ ತರಗತಿ. ಇಬ್ಬರೂ ಒಂದೇ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ.

ಮೊದಲು, ಕತೆ ಯಾರದು ಎಂದು ಗೊತ್ತುಮಾಡಿಕೊಳ್ಳಿ

ಹೊಸಬರು ಸಾಮಾನ್ಯವಾಗಿ ಮಂಜುವನ್ನು ನಡುವೆ ಕೂರಿಸುತ್ತಾರೆ, ಸುಮಾಳನ್ನು ಅವನ ಊರುಗೋಲು ಮಾಡುತ್ತಾರೆ. ಅವಳು ಅವನ ಚೀಲ ಹೊರುತ್ತಾಳೆ, ಅವನಿಗಾಗಿ ಜಗಳವಾಡುತ್ತಾಳೆ, ರಾತ್ರಿ ಅವನಿಗಾಗಿ ಅಳುತ್ತಾಳೆ. ಅವಳಿಗೆ ತನ್ನದೆಂಬ ಒಂದು ಸಿಟ್ಟೂ ಇಲ್ಲ. ಇಂಥ ತಂಗಿಯನ್ನು ನಾನು ಯಾವ ಮನೆಯಲ್ಲೂ ನೋಡಿಲ್ಲ.

ನನ್ನ ಅನುಭವದಲ್ಲಿ ಇದು ಸುಮಾಳ ಕತೆ. ಅದರಲ್ಲೂ ಒಂದೇ ಗಳಿಗೆಯ ಕತೆ: ನಾಲ್ಕು ಜನರ ಎದುರಿಗೆ ಅವಳು ಅಣ್ಣನನ್ನು ಅಣ್ಣ ಎನ್ನದೆ ಬಿಟ್ಟ ಗಳಿಗೆ. ಅಣಕಿಸುವ ಹುಡುಗನ ಕೆಟ್ಟತನ ಮಕ್ಕಳಿಗೆ ನೀವು ಹೇಳದೆಯೂ ಗೊತ್ತು. ಪ್ರೀತಿಸುವವರೇ ನಾಚಿಕೊಳ್ಳುತ್ತಾರೆ ಎಂಬುದೂ ಗೊತ್ತು, ಆದರೆ ಅದನ್ನು ಹೇಳುವ ಕತೆ ಅವರಿಗೆ ಸಿಕ್ಕಿರುವುದಿಲ್ಲ.

ಇಲ್ಲಿ ನಮ್ಮ ಭಾಷೆಯೇ ನಿಮಗೆ ಒಂದು ಉಪಕಾರ ಮಾಡುತ್ತದೆ. ದಿನಬಳಕೆಯ ಕನ್ನಡದಲ್ಲಿ ಒಡಹುಟ್ಟಿದವರನ್ನು ವಯಸ್ಸು ಬಿಟ್ಟು ಕರೆಯಲು ಬರುವುದಿಲ್ಲ. ಅಣ್ಣನೋ ತಮ್ಮನೋ, ಅಕ್ಕನೋ ತಂಗಿಯೋ ಮೊದಲೇ ತೀರ್ಮಾನವಾಗಬೇಕು. ಆ ತೀರ್ಮಾನದಿಂದ ಕತೆಯೇ ಬದಲಾಗುತ್ತದೆ. ತಮ್ಮನಿಗೆ ಬೂಟಿನ ದಾರ ಕಟ್ಟುವ ಅಕ್ಕನನ್ನು ಯಾರೂ ತಿರುಗಿ ನೋಡುವುದಿಲ್ಲ. ಅಣ್ಣನಿಗೆ ಬೂಟಿನ ದಾರ ಕಟ್ಟುವ ತಂಗಿಯನ್ನು ಎಲ್ಲರೂ ನೋಡುತ್ತಾರೆ. 'ಅಣ್ಣ' ಎಂದು ಕರೆಯುವ ಬಾಯಿಗೂ ದಾರ ಕಟ್ಟುವ ಕೈಗೂ ನಡುವೆ ಒಂದು ಎಳೆದಾಟವಿದೆ. ಅದು ಮಂಜುವಿಗೂ ಗೊತ್ತು, ಸುಮಾಳಿಗೂ ಗೊತ್ತು. ನಾನು ಮಂಜುವನ್ನು ದೊಡ್ಡವನನ್ನಾಗಿ ಮಾಡಿದ್ದು ಇದಕ್ಕೇ. (ಕುರುಡನೆಂಬ ಕಾರಣಕ್ಕೆ ಹಿರಿಯ ಧೃತರಾಷ್ಟ್ರನನ್ನು ಬಿಟ್ಟು ಕಿರಿಯ ಪಾಂಡುವಿಗೆ ಪಟ್ಟ ಕಟ್ಟಿದ್ದರಿಂದ ಹುಟ್ಟಿದ ಕತೆ ಎಷ್ಟು ಉದ್ದವಾಯಿತೆಂದು ನಿಮಗೆ ಗೊತ್ತೇ ಇದೆ.)

ಆಮೇಲೆ, ಕಾಲಿಗೆ ಏನಾಗಿದೆ ಎಂದು ತಿಳಿಯಿರಿ

ನನ್ನ ಕೈಗೆ ಬರುವ ಹಸ್ತಪ್ರತಿಗಳಲ್ಲಿ ಕಾಲಿನ ತೊಂದರೆ ಇರುವ ಹುಡುಗನಿಗೆಲ್ಲ ಪೋಲಿಯೊ ಆಗಿರುತ್ತದೆ. ಬರೆಯುವವರ ತಲೆಯಲ್ಲಿ ತಮ್ಮ ಬಾಲ್ಯದ ಸಹಪಾಠಿ ಇರುತ್ತಾನೆ. ಆದರೆ ಭಾರತದಲ್ಲಿ ಸಹಜವಾಗಿ ಹರಡುವ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತವೆಂಬ ಪ್ರಮಾಣಪತ್ರವೂ ಬಂತು. ಇಂದಿನ ಕತೆಯಲ್ಲಿ ಪೋಲಿಯೊ ಬೇಕೆಂದರೆ ಅದು ಸೋದರಮಾವನಿಗಿರಲಿ, ಐದನೇ ತರಗತಿಯ ಹುಡುಗನಿಗೆ ಬೇಡ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು ಏಳು. ಆ ಪಟ್ಟಿಯನ್ನು ಒಮ್ಮೆ ಓದಿ, ಒಂದನ್ನು ಮಾತ್ರ ಆರಿಸಿ, ಅದನ್ನು ಮೈಗೆ ಇಳಿಯುವವರೆಗೆ ತಿಳಿದುಕೊಳ್ಳಿ. ಮಂಜುವಿಗೆ ನಾನು ಆರಿಸಿದ್ದು ಸೆರೆಬ್ರಲ್ ಪಾಲ್ಸಿ, ಅದರಲ್ಲೂ ಒಂದು ಪಕ್ಕಕ್ಕೆ ಮಾತ್ರ ತಗಲಿದ್ದು. ಹುಟ್ಟುವ ಮೊದಲೋ, ಹುಟ್ಟುವಾಗಲೋ, ಹುಟ್ಟಿದ ಸ್ವಲ್ಪ ಕಾಲದಲ್ಲೋ ಮೆದುಳಿಗೆ ಆದ ಪೆಟ್ಟಿನಿಂದ ಬರುವ ಸ್ಥಿತಿ ಇದು. ಮೆದುಳಿನ ಪೆಟ್ಟು ಮುಂದೆ ಹೆಚ್ಚುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಮಂಜುವಿನ ಎಡಪಾದ ನೆಲಕ್ಕೆ ಉಜ್ಜುತ್ತದೆ, ಎಡಗೈ ಮೊಣಕೈಯಲ್ಲಿ ಮಡಿದು ಎದೆಯ ಕಡೆ ಬರುತ್ತದೆ. ಮಾತು ನಿಧಾನ, ಒಂದೊಂದು ಅಕ್ಷರವನ್ನು ದೂಡಿ ಹೊರಗೆ ಹಾಕಿದ ಹಾಗೆ. ಈ ಸ್ಥಿತಿಯಿರುವ ಕೆಲವು ಮಕ್ಕಳಿಗೆ ಕಲಿಕೆಯೂ ಕಷ್ಟವಾಗುತ್ತದೆ, ಅನೇಕರಿಗೆ ಇಲ್ಲ. ಮಾತು ತಡವಾದ ಮಾತ್ರಕ್ಕೆ ಬುದ್ಧಿ ತಡವೆಂದು ತಿಳಿಯುವವರು ಶಾಲೆಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಕತೆಯೊಳಗೂ ಅವರಿರಲಿ, ಬರೆಯುವವರು ಮಾತ್ರ ಅವರಲ್ಲಿ ಒಬ್ಬರಾಗಬಾರದು.

ಪುಸ್ತಕದಿಂದ ಇಷ್ಟು ಸಿಗುತ್ತದೆ. ಉಳಿದದ್ದಕ್ಕೆ ಮನೆಗಳಿಗೇ ಹೋಗಬೇಕು. ತಾಲ್ಲೂಕಿನ ಬಿ.ಆರ್.ಸಿ. (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ, ಅಂಗವೈಕಲ್ಯವಿರುವ ಮಕ್ಕಳ ಕಲಿಕೆಗೆ ನೆರವಾಗುವ, ಬಿ.ಐ.ಇ.ಆರ್.ಟಿ. ಎಂದು ಕರೆಯುವ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅವರನ್ನು ಕೇಳಿ, ಪೋಷಕರ ಒಪ್ಪಿಗೆ ಪಡೆದು, ಒಂದು ಮನೆಯ ಒಂದು ಬೆಳಗನ್ನು ನೋಡಿ ಬನ್ನಿ. 'ನಿನಗೆ ಹೇಗನ್ನಿಸುತ್ತದೆ' ಎಂದು ಮಗುವನ್ನು ಕೇಳಲೇಬೇಡಿ. ಗುಂಡಿ ಹಾಕಲು ಎಷ್ಟು ಹೊತ್ತು ಹಿಡಿಯುತ್ತದೆ, ಯಾವ ಕೈಯಲ್ಲಿ ಲೋಟ ಹಿಡಿಯುತ್ತಾನೆ, ಒಂದು ಬೂಟು ಮಾತ್ರ ಯಾಕೆ ಬೇಗ ಸವೆದಿದೆ ಎಂಬುದನ್ನು ನೋಡಿ. ನನಗೆ ಮಂಜು ಸಿಕ್ಕಿದ್ದು ಒಂದು ಬೂಟಿನಿಂದ. ಎಡಗಾಲಿನ ಬೂಟಿನ ಮುಂತುದಿ ಸವೆದು ತೂತಾಗಿತ್ತು, ಬಲಗಾಲಿನದು ಹೊಸದರಂತೆಯೇ ಇತ್ತು. ಜೊತೆಯಾಗಿ ಕೊಂಡ ಬೂಟುಗಳಲ್ಲಿ ಒಂದು ಅಣ್ಣ, ಒಂದು ತಮ್ಮ ಎಂಬಂತೆ ಬಾಗಿಲ ಹತ್ತಿರ ಬಿದ್ದಿದ್ದವು.

ಕಂಡ ಮನೆಯನ್ನು ಹಾಗೆಯೇ ಕತೆಗೆ ಎತ್ತಿ ಹಾಕಬೇಡಿ. ಹೆಸರು ಬದಲಿಸಿದರೆ ಸಾಲದು. ಸಣ್ಣ ಊರಿನಲ್ಲಿ 'ಹಾಲಿನ ಡೇರಿ ಪಕ್ಕದ ಮನೆ' ಎಂದರೆ ಸಾಕು, ಊರಿಗೆಲ್ಲ ಗೊತ್ತಾಗುತ್ತದೆ.

ಮಂಜುವಿಗೆ ಒಂದು ಆಸೆ ಕೊಡಿ

ಆಸೆ ಎಂದರೆ 'ಎಲ್ಲರಂತೆ ಆಗಬೇಕು' ಎಂಬುದಲ್ಲ. ಅದು ದೊಡ್ಡವರು ಅವನ ಬಾಯಲ್ಲಿ ಇಡುವ ಮಾತು. ಹನ್ನೆರಡು ವರ್ಷದವನ ಆಸೆ ಸಣ್ಣದಾಗಿ, ಗಟ್ಟಿಯಾಗಿ, ಸ್ವಲ್ಪ ಹಟಮಾರಿಯಾಗಿ ಇರುತ್ತದೆ.

ಮಂಜುವಿಗೆ ಶಾಲೆಯ ಗಂಟೆ ಹೊಡೆಯಬೇಕು. ಜಗುಲಿಯ ತೊಲೆಗೆ ರೈಲು ಹಳಿಯ ಒಂದು ತುಂಡು ತೂಗುಹಾಕಿದೆ. ಅದಕ್ಕೆ ಬಡಿಯಲು ಒಂದು ಕಬ್ಬಿಣದ ಸರಳು. ಏಳನೇ ತರಗತಿಯವರು ಸರದಿಯಲ್ಲಿ ಗಂಟೆ ಹೊಡೆಯುತ್ತಾರೆ. ಸಂಜೆಯ ಲಾಂಗ್ ಬೆಲ್ ಹೊಡೆಯುವವನೆಂದರೆ ಇಡೀ ಶಾಲೆಗೆ ಪ್ರೀತಿ. ಮಂಜುವಿನ ಬಲಗೈಗೆ ಯಾವ ತೊಂದರೆಯೂ ಇಲ್ಲ. ಆದರೂ ಅವನ ಹೆಸರು ಸರದಿಯಲ್ಲಿಲ್ಲ. ಯಾರೂ ಬೇಡ ಎಂದಿಲ್ಲ, ಯಾರಿಗೂ ಹೊಳೆದೇ ಇಲ್ಲ. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಒಂದು ಅಂಗ ಸೋತದ್ದಕ್ಕೆ ಬದಲಾಗಿ ಅದ್ಭುತ ಪ್ರತಿಭೆಯೊಂದನ್ನು ಕೊಟ್ಟು ತಕ್ಕಡಿ ಸಮಮಾಡುವ ಚಟವೊಂದು ನಮ್ಮ ಕತೆಗಾರರಿಗಿದೆ. ಕಣ್ಣಿಲ್ಲದ ಹುಡುಗ ಹಾಡಲೇಬೇಕು, ಮಾತು ಬಾರದ ಹುಡುಗಿ ಚಿತ್ರ ಬಿಡಿಸಲೇಬೇಕು. ಗದಗಿನ ಪುಟ್ಟರಾಜ ಗವಾಯಿಗಳನ್ನು ಕಂಡ ನಾಡಿಗೆ ಇಂಥ ನಂಬಿಕೆ ಬಂದದ್ದು ಸಹಜವೇ. ಆದರೆ ವೀರೇಶ್ವರ ಪುಣ್ಯಾಶ್ರಮದಲ್ಲಿ ನಡೆದದ್ದು ವರವಲ್ಲ, ಪಾಠ. ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳು ಕೂರಿಸಿಕೊಂಡು ವರ್ಷಗಟ್ಟಲೆ ಕಲಿಸಿದ್ದರು. ಹಾಡಲು ಬಾರದ ಅಂಧ ಮಕ್ಕಳೂ ಇದ್ದಾರೆ, ಅವರಿಗೂ ಶಾಲೆಯಲ್ಲಿ ಒಂದು ಜಾಗ ಬೇಕು. ಮಂಜು ಗಣಿತದಲ್ಲಿ ಸಾಧಾರಣ. ಆಗಾಗ ಸುಳ್ಳು ಹೇಳುತ್ತಾನೆ. ತಂಗಿಯ ಪೆನ್ಸಿಲ್ ಕದ್ದು, ಇಲ್ಲ ಎಂದು ಸಾಧಿಸುತ್ತಾನೆ. ಈ ಪೆನ್ಸಿಲನ್ನು ಕತೆಯಲ್ಲಿ ಬೇಗ ತನ್ನಿ. ಅದು ಬಂದ ಕೂಡಲೇ ಓದುವ ಮಗು ಮಂಜುವನ್ನು 'ಪಾಪ' ಎನ್ನುವುದನ್ನು ಬಿಡುತ್ತದೆ.

ಕಾಟ: ಎಲ್ಲಿ, ಯಾವಾಗ, ಯಾರು

ಕೀಟಲೆ, ಗೇಲಿ, ಛೇಡಿಸುವುದು, ರೇಗಿಸುವುದು, ಅಣಕ, ಕಾಟ, ಕಿರುಕುಳ: ಪದಗಳಿಗೆ ನಮ್ಮಲ್ಲಿ ಬರವಿಲ್ಲ. ಬರವಿರುವುದು ಅವುಗಳ ನಡುವಿನ ಗೆರೆಗೆ. ನಾರ್ವೆಯಲ್ಲಿ ಈ ವಿಷಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಡಾನ್ ಓಲ್ವೇಯಸ್ ಮೂರು ಗುರುತುಗಳನ್ನು ಹೇಳಿದರು. ನೋಯಿಸುವ ಉದ್ದೇಶವಿರಬೇಕು, ಅದು ಮತ್ತೆ ಮತ್ತೆ ನಡೆಯಬೇಕು, ನೋಯಿಸುವವನಿಗೂ ನೋಯುವವನಿಗೂ ನಡುವೆ ಬಲದ ಅಂತರವಿರಬೇಕು. ಮನೆಯಲ್ಲಿ ಸುಮಾ ಸಿಟ್ಟಿನಲ್ಲಿ 'ಹೋಗೋ ಆಮೆ' ಎಂದರೆ ಅದು ಜಗಳ. ಮಂಜು ಅದಕ್ಕೆ ಅವಳ ಜಡೆ ಎಳೆದು ಲೆಕ್ಕ ಚುಕ್ತಾ ಮಾಡುತ್ತಾನೆ. ಪ್ರವೀಣ ಎಂಬವನು ಪ್ರತಿದಿನ ಊಟದ ಹೊತ್ತಿಗೆ, ನಾಲ್ಕು ಜನರನ್ನು ಸೇರಿಸಿಕೊಂಡು, ಮಂಜುವಿನ ನಡಿಗೆಯನ್ನು ಮಾಡಿ ತೋರಿಸಿದರೆ ಅದು ಬೇರೆ. ಕತೆಯಲ್ಲಿ ಎರಡೂ ಇರಲಿ. ವ್ಯತ್ಯಾಸ ಓದುವವರಿಗೆ ತಾನಾಗಿ ತಿಳಿಯುತ್ತದೆ.

ಜಾಗ ಮುಖ್ಯ. ಕಾಟ ನಡೆಯುವುದು ದೊಡ್ಡವರ ಕಣ್ಣು ಬೀಳದ ಕಡೆ: ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿ, ಶೌಚಾಲಯದ ಹಿಂದಿನ ಗೋಡೆ, ಶಾಲೆಯಿಂದ ಮನೆಗೆ ಬರುವ ದಾರಿಯ ತಿರುವು. ತರಗತಿಯ ನಡುವೆ, ಟೀಚರ್ ಎದುರಿಗೇ ಜೋರಾಗಿ ಬೈಯುವ ಖಳನಾಯಕ ಸಿನಿಮಾದವನು. ನಿಜವಾದವನು ಟೀಚರ್‌ಗೆ ನೀರು ತಂದುಕೊಡುವ ಹುಡುಗನೂ ಆಗಿರುತ್ತಾನೆ.

ಪ್ರವೀಣನೊಬ್ಬನೇ ಇದ್ದರೆ ಕತೆ ಏಳುವುದಿಲ್ಲ. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದ ಹಾಗೆ ಸುತ್ತ ನಿಂತವರಿಗೂ ಪಾತ್ರಗಳಿವೆ. ಜೊತೆಗೂಡಿ ಮಾಡುವವರು, ನಕ್ಕು ಉತ್ತೇಜನ ಕೊಡುವವರು, ನೋಡಿಯೂ ನೋಡದಂತೆ ದೂರ ಹೋಗುವವರು, ಅಡ್ಡ ನಿಲ್ಲುವವರು. ನನಗಂತೂ ಇದು ಸಂಶೋಧನೆಗಿಂತ ಹೆಚ್ಚಾಗಿ ಪಾತ್ರಗಳ ಪಟ್ಟಿಯಾಗಿ ಉಪಯೋಗಕ್ಕೆ ಬಂತು. ನಲ್ಲಿಯ ಹತ್ತಿರ ನಿಂತ ಒಬ್ಬೊಬ್ಬರಿಗೂ ಒಂದೊಂದನ್ನು ಹಂಚಿ ನೋಡಿ. ಆಮೇಲೆ ಸುಮಾಳಿಗೆ ಯಾವುದು ಎಂದು ಕೇಳಿಕೊಳ್ಳಿ. ಅವಳು ನಗುವವರ ಸಾಲಿನಲ್ಲಿ ನಿಂತಿದ್ದಾಳೆ ಎಂದು ಹೊಳೆದ ದಿನ ನನಗೆ ಕತೆ ಸಿಕ್ಕಿತು.

ಸುಮಾಳಿಗೆ ಬರುವ ಕಾಟ ಇನ್ನೊಂದು ಬಗೆಯದು. 'ಕುಂಟನ ತಂಗಿ' ಎಂಬ ಹೆಸರು ಒಂದು. ಅದಕ್ಕಿಂತ ಸೂಕ್ಷ್ಮವಾದದ್ದು ಶಾಲೆಯೇ ಅರಿಯದೆ ಕೊಡುವ ಹೊರೆ. ಮಂಜುವಿಗೆ ಏನಾದರೂ ಆದರೆ ಐದನೇ ತರಗತಿಯ ಬಾಗಿಲಲ್ಲಿ ಒಬ್ಬ ಹುಡುಗ ಬಂದು ನಿಲ್ಲುತ್ತಾನೆ: "ಸುಮಾನನ್ನು ಕಳಿಸಬೇಕಂತೆ ಟೀಚರ್, ಅವರಣ್ಣ ನೀರು ಚೆಲ್ಲಿಕೊಂಡಿದ್ದಾನೆ." ಪದ್ಯ ಅರ್ಧಕ್ಕೇ ನಿಲ್ಲುತ್ತದೆ, ನಲವತ್ತು ತಲೆಗಳು ಅವಳ ಕಡೆ ತಿರುಗುತ್ತವೆ. ಯಾರೂ ಅವಳನ್ನು ಬೈದಿಲ್ಲ, ನಿಜ. ಆದರೆ ಆ ಬಾಗಿಲಲ್ಲಿ ನೆರಳು ಕಂಡರೆ ಸಾಕು, ಅವಳ ಹೊಟ್ಟೆ ಕಿವುಚುತ್ತದೆ. ನಾನೂ ಹಾಗೆ ಕರೆಕಳಿಸಿದವಳೇ. ಕತೆ ಬರೆಯುವವರೆಗೆ ಅದು ತಪ್ಪೆಂದು ತಿಳಿದಿರಲಿಲ್ಲ.

ಹಾಗಾದರೆ ಯಾರಿಗಾದರೂ ಹೇಳಬಾರದೇಕೆ? ನಮ್ಮ ಶಾಲೆಗಳಲ್ಲಿ ಅದಕ್ಕೊಂದು ಹೆಸರಿದೆ, ಚಾಡಿ. ಚಾಡಿ ಹೇಳಿದವಳ ಜೊತೆ ಎಲ್ಲರೂ ಟೂ ಬಿಡುತ್ತಾರೆ. ಈ ಒಂದು ಪದ ಎಷ್ಟು ಮಕ್ಕಳ ಬಾಯಿ ಕಟ್ಟಿದೆಯೋ. ಚಾಡಿಗೂ ದೂರಿಗೂ ಇರುವ ವ್ಯತ್ಯಾಸವನ್ನು ಯಾರಾದರೂ, ಅಜ್ಜಿಯಾದರೂ ಸರಿ, ಒಂದೇ ಮಾತಿನಲ್ಲಿ ಹೇಳಿ ಮುಗಿಸಲಿ: "ಒಬ್ಬರನ್ನು ಸಿಕ್ಕಿಸಲು ಹೇಳಿದರೆ ಚಾಡಿ, ಒಬ್ಬರನ್ನು ಬಿಡಿಸಲು ಹೇಳಿದರೆ ದೂರು." ಅಜ್ಜಿ ಅಷ್ಟು ಹೇಳಿ ಒಲೆಯ ಕಡೆ ತಿರುಗಲಿ. ಎರಡನೆಯ ವಾಕ್ಯ ಹೇಳಿದರೆ ಅದು ಪಾಠ.

ಆ ಗಳಿಗೆ

ಇಲ್ಲಿ ಆತುರ ಬೇಡ. ನನ್ನ ಕರಡಿನ ಈ ಭಾಗವನ್ನು ಹೇಗಿತ್ತೋ ಹಾಗೆಯೇ ಕೊಡುತ್ತೇನೆ.

'ತಟ್ಟೆ ತೊಳೆಯುವ ಸಾಲಿನಲ್ಲಿ ಸುಮಾ ಮೂರನೆಯವಳು. ಅವಳ ಹಿಂದೆ ರೇಖಾ. ರೇಖಾ ಶಾಲೆಗೆ ಸೇರಿ ನಾಲ್ಕು ದಿನವಾಗಿತ್ತು. ಬೆಳಿಗ್ಗೆ ಸುಮಾಳ ಪಕ್ಕ ಜಾಗ ಹಿಡಿದುಕೊಂಡಿದ್ದಳು. ನಲ್ಲಿಯ ಆಚೆ ಪ್ರವೀಣ ಎಡಗೈಯನ್ನು ಎದೆಗೆ ಮಡಿಚಿಕೊಂಡು, ಎಡಗಾಲನ್ನು ನೆಲಕ್ಕೆ ಉಜ್ಜುತ್ತಾ ನಡೆದ. ಮೂರು ಹೆಜ್ಜೆಗೊಮ್ಮೆ ನಿಂತು ಬಾಯಿ ಓರೆ ಮಾಡಿದ. ಎಲ್ಲರೂ ನಕ್ಕರು. ರೇಖಾ ಕೂಡ ನಕ್ಕಳು. "ಯಾರ ಹಾಗೆ ಮಾಡುತ್ತಿದ್ದಾನೆ?" ಎಂದು ಸುಮಾಳನ್ನು ಕೇಳಿದಳು.

"ಯಾರೋ. ಏಳನೇ ತರಗತಿಯ ಒಬ್ಬ ಹುಡುಗ" ಎಂದಳು ಸುಮಾ. ನಕ್ಕಳು.

ಹಿಂದೆ ತಟ್ಟೆಯೊಂದು ಕಲ್ಲಿಗೆ ತಗುಲಿದ ಸದ್ದಾಯಿತು. ಆ ಸದ್ದು ಯಾರ ತಟ್ಟೆಯದೆಂದು ತಿರುಗಿ ನೋಡದೆಯೇ ಅವಳಿಗೆ ಗೊತ್ತಾಯಿತು.'

ಇದರ ಮುಂದೆ ಮೊದಲ ಕರಡಿನಲ್ಲಿ ನಾನು ಬರೆದದ್ದು: 'ಸುಮಾಳ ಎದೆ ಒಡೆದು ಹೋಯಿತು. ತಾನೆಂಥ ಪಾಪಿ ಎಂದು ಅವಳ ಮನಸ್ಸು ಚೀರಿತು. ಕಣ್ಣೀರು ಧಾರೆಯಾಗಿ ಹರಿಯಿತು.' ಎರಡು ತಿಂಗಳು ಆ ಸಾಲುಗಳು ಹಾಗೆಯೇ ಇದ್ದವು. ಆಮೇಲೆ ಅಷ್ಟನ್ನೂ ಹೊಡೆದು ಹಾಕಿ ಬರೆದೆ: 'ಸುಮಾ ತೊಳೆದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದಳು.'

ಮಕ್ಕಳಿಗೆ ಅಷ್ಟು ಸಾಕು. ಪಾತ್ರ ಅತ್ತರೆ ಓದುವವರ ಅಳು ಮುಗಿದುಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಸುಮಾಳ ನಗುವನ್ನು ತೆಗೆಯಬೇಡಿ. ತಿದ್ದುವವರು ಮೊದಲು ಕೈಹಾಕುವುದು ಅದಕ್ಕೇ. 'ತಂಗಿ ನಕ್ಕಳು ಎಂದರೆ ಮಕ್ಕಳಿಗೆ ಕೆಟ್ಟ ಮಾದರಿಯಾಗುತ್ತದೆ, ಸುಮ್ಮನಿದ್ದಳು ಎಂದು ಮಾಡಿ' ಎಂಬ ಸಲಹೆ ನನಗೂ ಬಂದಿತ್ತು. ಆ ನಗು ಹೋದರೆ ಕತೆಯೇ ಹೋಗುತ್ತದೆ.

ಮಂಜುವಿನ ಪಾಲಿಗೆ ಬರುವುದು ಸಿಟ್ಟು. ಅದನ್ನು ಅವನಿಂದ ಕಸಿಯಬೇಡಿ. ಅಂಗವೈಕಲ್ಯವಿರುವ ಮಗು ಎಲ್ಲವನ್ನೂ ಕ್ಷಮಿಸುವ ಸಂತನಾಗಿರಬೇಕೆಂಬ ನಿಯಮ ಎಲ್ಲೂ ಇಲ್ಲ. ಅವನು ಮನೆಯಲ್ಲಿ ಅಮ್ಮನಿಗೆ ಏನೂ ಹೇಳುವುದಿಲ್ಲ. ಹೇಳುತ್ತಾನೆ, ಬೈಸಿಕೊಂಡು ಹಗುರಾಗಬಹುದು ಎಂದು ಸುಮಾ ರಾತ್ರಿಯಿಡೀ ಕಾಯುತ್ತಾಳೆ. ಮರುದಿನ ದಾರಿಯಲ್ಲಿ ಅವನು ಎಂದಿನಂತೆ ಬೂಟು ಬಿಗಿಮಾಡಿಕೊಳ್ಳಲು ಕಲ್ಲಿನ ಮೇಲೆ ಕೂರುತ್ತಾನೆ. ಅವಳೂ ಎಂದಿನಂತೆ ನಿಲ್ಲುತ್ತಾಳೆ. "ನೀನು ಮುಂದೆ ಹೋಗು" ಎನ್ನುತ್ತಾನೆ ಅವನು, ಒಂದೊಂದೇ ಮಾತನ್ನು ದೂಡುತ್ತಾ. "ಏಳನೇ ತರಗತಿಯ ಒಬ್ಬ ಹುಡುಗನಿಗೆ ಯಾಕೆ ಕಾಯುತ್ತೀಯ?"

ದೊಡ್ಡವರನ್ನು ಬಾಗಿಲ ಬಳಿ ನಿಲ್ಲಿಸಿ

ಹೆಡ್ ಮಾಸ್ಟರ್ ಪ್ರಾರ್ಥನೆಯ ಹೊತ್ತಿಗೆ ಭಾಷಣ ಮಾಡಿ, ಎಲ್ಲರೂ ತಲೆ ತಗ್ಗಿಸಿದರೆಂದು ಬರೆದರೆ ನೀವು ಶಾಲೆಗೆ ಹೋಗಿ ಬಹಳ ದಿನವಾಗಿದೆ ಎಂದರ್ಥ. ಭಾಷಣ ಮುಗಿದ ಮೇಲೆ ಪ್ರವೀಣ ಅದನ್ನೂ ಅಣಕಿಸುತ್ತಾನೆ.

ಹಾಗೆಂದು ದೊಡ್ಡವರನ್ನು ಪೂರ್ತಿ ಕೈಬಿಡುವುದೂ ಸರಿಯಲ್ಲ. ಓದುವ ಮಕ್ಕಳಲ್ಲಿ ಒಬ್ಬರಿಗಾದರೂ ಇಂದೇ ಯಾರಿಗಾದರೂ ಹೇಳಬೇಕಾದ ಸ್ಥಿತಿ ಇರುತ್ತದೆ. ಹೇಳಿದರೆ ಏನಾದರೂ ಆಗುತ್ತದೆ ಎಂಬುದು ಕತೆಯಲ್ಲಿ ಕಾಣಬೇಕು. ನನ್ನ ಕತೆಯಲ್ಲಿ ಸುಮಾ ಕೊನೆಗೆ ತರಗತಿಯ ಟೀಚರ್‌ಗೆ ಹೇಳುತ್ತಾಳೆ, ತಾನು ನಕ್ಕದ್ದನ್ನೂ ಸೇರಿಸಿ. ಟೀಚರ್ ಬೈಯುವುದಿಲ್ಲ, ಸಮಾಧಾನವನ್ನೂ ಮಾಡುವುದಿಲ್ಲ. ಮರುದಿನದಿಂದ ತಮ್ಮ ಊಟದ ತಟ್ಟೆ ಹಿಡಿದುಕೊಂಡು ನಲ್ಲಿಯ ಹತ್ತಿರ ಬಂದು ನಿಲ್ಲುತ್ತಾರೆ, ಅಷ್ಟೇ. ಬಾಗಿಲಿಗೆ ಬಂದ ಹುಡುಗನಿಗೆ "ಸುಮಾ ಪಾಠ ಕೇಳುತ್ತಿದ್ದಾಳೆ, ನಾನೇ ಬರುತ್ತೇನೆ" ಎನ್ನುತ್ತಾರೆ.

ಕಾನೂನು ನಿಮಗೆ ಗೊತ್ತಿರಲಿ, ಕತೆಗೆ ಗೊತ್ತಾಗುವುದು ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 2016ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಶಾಲೆ ಭೇದಭಾವವಿಲ್ಲದೆ ಸೇರಿಸಿಕೊಳ್ಳಬೇಕು, ಆಟೋಟದಲ್ಲೂ ಸಮಾನ ಅವಕಾಶ ಕೊಡಬೇಕು. ಇವು ಗೊತ್ತಿದ್ದರೆ ನಿಮ್ಮ ಹೆಡ್ ಮಾಸ್ಟರ್ ಪಾತ್ರ 'ಇಂಥವರಿಗೆಲ್ಲ ಬೇರೆ ಶಾಲೆ ಇದೆಯಮ್ಮ' ಎಂದು ತಾಯಿಗೆ ಹೇಳಿದಾಗ, ಅದು ಒಳ್ಳೆಯ ಸಲಹೆ ಎಂಬಂತೆ ನೀವು ಬರೆಯುವುದಿಲ್ಲ. ಮಕ್ಕಳ ಸಹಾಯವಾಣಿ 1098 ಅನ್ನು ಪುಸ್ತಕದ ಹಿಂಬದಿಯಲ್ಲಿ ಅಚ್ಚು ಹಾಕಿಸಿ.

ಪದಗಳನ್ನು ಜರಡಿ ಹಿಡಿಯಿರಿ

ಬರೆದು ಮುಗಿದ ಮೇಲೆ ಕೆಂಪು ಪೆನ್ನು ಹಿಡಿದು ನಿರೂಪಕಿಯ ಮಾತುಗಳನ್ನು ಮಾತ್ರ ಓದಿ. ಪ್ರವೀಣ 'ಕುಂಟ' ಎನ್ನಬಹುದು, ಅನ್ನಲೇಬೇಕು. ಅವನ ಬಾಯಲ್ಲಿ 'ವಿಕಲಚೇತನ' ಇಟ್ಟರೆ ನಗೆಪಾಟಲು. ನಿರೂಪಣೆಯಲ್ಲಿ ಮಾತ್ರ ಆ ಪದ ನಿಮ್ಮದಾಗಬಾರದು. ಸರ್ಕಾರ ವಿಕಲಚೇತನ ಎನ್ನುತ್ತದೆ, ಶಾಲೆಯ ದಾಖಲೆಗಳು ವಿಶೇಷ ಅಗತ್ಯವುಳ್ಳ ಮಗು ಎನ್ನುತ್ತವೆ, ಕೆಲವರು ದೇವರ ಮಗು ಎನ್ನುತ್ತಾರೆ. ಹತ್ತು ವರ್ಷದ ತಂಗಿ ಇದ್ಯಾವುದನ್ನೂ ಅನ್ನುವುದಿಲ್ಲ. 'ಅಣ್ಣನ ಎಡಗಾಲು ನೆಲಕ್ಕೆ ಉಜ್ಜುತ್ತದೆ' ಎನ್ನುತ್ತಾಳೆ. ಅದನ್ನೇ ಬರೆಯಿರಿ.

ಸುಪ್ತವಾಗಿ ನುಸುಳುವ ಮಾತುಗಳು ಇನ್ನೂ ಕಷ್ಟ. ಕುಂಟು ನೆಪ, ಕುರುಡು ನಂಬಿಕೆ, 'ಕುಂಟನಿಗೆ ಎಂಟು ಚೇಷ್ಟೆ' ಇವು ನಮ್ಮ ನಾಲಿಗೆಯ ಮೇಲೇ ಕೂತಿರುತ್ತವೆ. ನನ್ನ ಕತೆಯ ಮೊದಲ ಸಾಲಿನಲ್ಲೇ ಸುಮಾ 'ಕುಂಟು ನೆಪ ಹೇಳಿ' ಶಾಲೆ ತಪ್ಪಿಸಿದ್ದಳು! ಇನ್ನು ಹೆಣ್ಣುಮಕ್ಕಳು ಒಂಟಿಕಾಲಲ್ಲಿ ಆಡುವ ಆಟದ ಹೆಸರು ಕುಂಟೆಬಿಲ್ಲೆ. ಅದನ್ನು ನಾನು ತೆಗೆಯಲಿಲ್ಲ. ಸುಮಾ ಚೌಕದಲ್ಲಿ ಒಂಟಿಕಾಲಲ್ಲಿ ನಿಂತಾಗ ಮಂಜು ಕಲ್ಲಿನ ಮೇಲೆ ಕೂತು "ಗೆರೆ ತುಳಿದೆ, ಔಟ್" ಎಂದು ಕೂಗುತ್ತಾನೆ. ಆ ಆಟದಲ್ಲಿ ಅವನಷ್ಟು ಕಟ್ಟುನಿಟ್ಟಿನ ಅಂಪೈರ್ ಬೀದಿಯಲ್ಲಿ ಇನ್ನೊಬ್ಬನಿಲ್ಲ.

ಕೊನೆಯಲ್ಲಿ ಗುಣಪಡಿಸಬೇಡಿ

ಈ ಆಸೆ ಹಳೆಯದು. ಅಷ್ಟಾವಕ್ರನ ಕತೆಯನ್ನು ಮಕ್ಕಳಿಗೆ ಹೇಳುವಾಗ ನಾವು ಜನಕನ ಆಸ್ಥಾನದಲ್ಲಿ ಅವನ ಮೈ ನೋಡಿ ನಕ್ಕವರ ಬಾಯಿ ಮುಚ್ಚಿಸಿದ್ದಕ್ಕೆ ನಿಲ್ಲಿಸುತ್ತೇವೆ. ಮಹಾಭಾರತದ ವನಪರ್ವ ಅಲ್ಲಿಗೆ ನಿಲ್ಲಿಸುವುದಿಲ್ಲ. ವಾದದಲ್ಲಿ ಗೆದ್ದು ತಂದೆಯನ್ನು ಬಿಡಿಸಿಕೊಂಡ ಮೇಲೂ ಅವನನ್ನು ಸಮಂಗಾ ನದಿಯಲ್ಲಿ ಮುಳುಗಿಸಿ, ಎಂಟೂ ವಕ್ರಗಳನ್ನು ನೆಟ್ಟಗೆ ಮಾಡಿಯೇ ಮನೆಗೆ ಕಳಿಸುತ್ತದೆ. ಗೆದ್ದವನ ಮೈಯನ್ನೂ ಇದ್ದ ಹಾಗೇ ಬಿಡಲು ಕತೆಗಾರರಿಗೆ ಮನಸ್ಸು ಬರುವುದಿಲ್ಲ. ನಾನು ಬಾವಿಕಟ್ಟೆಯ ಹತ್ತಿರ ಮಾಡಿದ್ದೂ ಅದನ್ನೇ.

ಮಂಜುವಿನ ಕಾಲು ಮೊದಲ ಪುಟದಲ್ಲಿ ಹೇಗಿತ್ತೋ ಕೊನೆಯ ಪುಟದಲ್ಲೂ ಹಾಗೇ ಇರಲಿ. ಅವನೇ ಹೋಗಿ ಗಂಟೆ ಹೊಡೆಯಲು ಸರದಿ ಕೇಳಲಿ, ಸುಮಾ ಕೇಳಿಕೊಡುವುದು ಬೇಡ. ಗುರುವಾರ ಸಿಗಲಿ. ಅವನ ಏಟುಗಳ ನಡುವೆ ಬೇರೆಯವರಿಗಿಂತ ಹೆಚ್ಚು ಬಿಡುವು ಇರುತ್ತದೆ. ಪ್ರವೀಣ ತಟ್ಟೆಯ ಮೇಲೆ ಚಮಚದಿಂದ ಆ ಬಿಡುವನ್ನೂ ಅಣಕಿಸುತ್ತಾನೆ. ಈ ಸಲ ನಗುವವರು ಇಬ್ಬರೇ. "ಇವತ್ತು ಗಂಟೆ ಹೊಡೆದದ್ದು ಯಾರು?" ಎಂದು ರೇಖಾ ಕೇಳುತ್ತಾಳೆ. "ನಮ್ಮಣ್ಣ" ಎನ್ನುತ್ತಾಳೆ ಸುಮಾ. ಮಂಜು ಅದನ್ನು ಕೇಳಿಸಿಕೊಂಡನೋ ಇಲ್ಲವೋ ನಾನು ಬರೆದಿಲ್ಲ. ಸಂಜೆ ದಾರಿಯ ಕಲ್ಲಿನ ಮೇಲೆ ಅವನು ಬೂಟು ಬಿಗಿಮಾಡಲು ಕೂರುತ್ತಾನೆ. ಅವಳು ನಿಲ್ಲುತ್ತಾಳೆ. ಮುಂದೆ ಹೋಗು ಎಂದು ಅವನು ಹೇಳುವುದಿಲ್ಲ.

ಓದಿ ನೋಡಿ, ಓದಿಸಿ ನೋಡಿ

ಈ ವಯಸ್ಸಿಗೆ ಸಾವಿರದಿಂದ ಸಾವಿರದೈನೂರು ಪದ ಸಾಕು. ಅಚ್ಚಿಗೆ ಕೊಡುವ ಮೊದಲು ಅದೇ ಅಂಗವೈಕಲ್ಯದೊಡನೆ ಬೆಳೆದ ದೊಡ್ಡವರೊಬ್ಬರಿಗೆ, ಅಂಥ ಮನೆಯಲ್ಲಿ ಬೆಳೆದ ಅಕ್ಕನಿಗೋ ತಮ್ಮನಿಗೋ ಓದಲು ಕೊಡಿ. ಹೊಗಳಿಕೆ ಬೇಡ, ಸುಳ್ಳು ಎಲ್ಲಿದೆ ತೋರಿಸಿ ಎಂದು ಕೇಳಿ. ಚಿತ್ರ ಬಿಡಿಸುವವರಿಗೆ ಎಡಗಾಲು, ಎಡಗೈ ಎಂದು ಬರೆದೇ ಕೊಡಿ. ಇಲ್ಲದಿದ್ದರೆ ಮೂರನೇ ಪುಟದಲ್ಲಿ ಎಡಗಾಲು, ಏಳನೇ ಪುಟದಲ್ಲಿ ಬಲಗಾಲು ಎಳೆಯುತ್ತಾನೆ. ದೊಡ್ಡವರ ಕಣ್ಣಿಗೆ ಬೀಳುವುದಿಲ್ಲ, ಮಕ್ಕಳು ಮೊದಲ ಸಲವೇ ಹಿಡಿಯುತ್ತಾರೆ. ಪ್ರಕಾಶಕರಿಗೆ ಕಾಯಲಾಗದಿದ್ದರೆ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಮಕ್ಕಳ ಕತೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡದಲ್ಲೇ ಪ್ರಕಟಿಸಬಹುದು. ಅಲ್ಲಿನ ಮುಕ್ತ ಪರವಾನಗಿಯಲ್ಲಿ ಯಾರು ಬೇಕಾದರೂ ನಿಮ್ಮ ಕತೆಯನ್ನು ಅನುವಾದಿಸಬಹುದು, ಬದಲಾಯಿಸಲೂಬಹುದು ಎಂಬುದು ತಿಳಿದಿರಲಿ.

ಕೊನೆಗೆ ಒಂದು ತರಗತಿಗೆ ಗಟ್ಟಿಯಾಗಿ ಓದಿ. ಏನು ಕಲಿತಿರಿ ಎಂದು ಕೇಳಬೇಡಿ. ಸುಮ್ಮನೆ ಪುಸ್ತಕ ಮುಚ್ಚಿ ಕಾಯಿರಿ.

ನಾನು ಮಂಜುವಿನ ಕತೆ ಓದಿ ಮುಗಿಸಿದಾಗ ಚಪ್ಪಾಳೆ ಬೀಳಲಿಲ್ಲ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಆಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿದ. "ಟೀಚರ್, ಆ ಸರಳು ಎಷ್ಟು ಭಾರ ಇತ್ತು?" ಎಂದ. ನನಗೆ ಗೊತ್ತಿರಲಿಲ್ಲ. ಅವನನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ಜಗುಲಿಗೆ ಹೋಗಿ ಸರಳು ತಂದು, ಬಿಸಿಯೂಟದ ಅಕ್ಕಿ ತೂಗುವ ತಕ್ಕಡಿಗೆ ಹಾಕಿದೆ. 900 ಗ್ರಾಂ ಬಂತು. ಹುಡುಗ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಲಗೈಯೊಂದರಲ್ಲೇ ಎತ್ತಿ ನೋಡಿದ, ಇನ್ನೊಮ್ಮೆ ಎತ್ತಿದ. "ಎರಡನೇ ಏಟಿಗೆ ಕೈ ನೋಯುತ್ತದೆ, ಅದಕ್ಕೇ ನಿಧಾನ" ಎಂದ. ಆ ವಾಕ್ಯವನ್ನು ಹಾಗೆಯೇ ಕತೆಗೆ ಸೇರಿಸಿಕೊಂಡೆ.